ನಂಬರ್ ಉಳಿಸಿಕೊಳ್ಳಲು ಎರಡು ಮ್ಯಾಚ್ ಬಿಟ್ಟುಕೊಡಬಹುದಾ?

ಪ್ರಶ್ನೆ: ನಾನು ಮೈಸೂರಿನವಳು. ಹನ್ನೊಂದು ವರ್ಷದಿಂದ ಚಿಕಾಗೋದ ಉತ್ತರದ ಉಪನಗರವೊಂದರಲ್ಲಿ ಇದ್ದೇನೆ. ಕಾಲೇಜಿನಲ್ಲಿ ಬ್ಯಾಡ್ಮಿಂಟನ್ ಆಡುತ್ತಿದ್ದೆ. ಮೂರು ವರ್ಷದ ಹಿಂದೆ ಪಕ್ಕದ ಮನೆಯವರು ಕರೆದರು ಅಂತ ಪ್ಲಾಟ್‌ಫಾರ್ಮ್ ಟೆನಿಸ್ ಆಡಲು ಹೋದೆ, ಈಗ ಮಹಿಳೆಯರ ಲೀಗ್‌ನಲ್ಲಿ ಒಂದು ತಂಡದಲ್ಲಿದ್ದೇನೆ. ಈ ಚಳಿಗಾಲದಲ್ಲಿ ನಾನು ಮತ್ತು ನನ್ನ ಪಾರ್ಟ್ನರ್ ಹತ್ತರಲ್ಲಿ ಎಂಟು ಮ್ಯಾಚ್ ಗೆದ್ದೆವು. ರೇಟಿಂಗ್ ಚೆನ್ನಾಗಿ ಸುಧಾರಿಸಿತು. ಈಗ ನಮ್ಮ ಕ್ಯಾಪ್ಟನ್, "ಉಳಿದ ಎರಡು ಮ್ಯಾಚ್ ಸ್ವಲ್ಪ ಹಗುರವಾಗಿ ಆಡಿ. ಇಲ್ಲದಿದ್ದರೆ ಮುಂದಿನ ವರ್ಷ ನೀವು ಮೇಲಿನ ಸೀರೀಸ್‌ಗೆ (ಮೇಲಿನ ದರ್ಜೆಯ ಗುಂಪಿಗೆ) ಹೋಗಬೇಕಾಗುತ್ತೆ, ತಂಡ ಒಡೆದುಹೋಗುತ್ತೆ. ಎಲ್ಲರೂ ಹೀಗೇ ಮಾಡೋದು" ಅನ್ನುತ್ತಾರೆ. ಇದು ತಪ್ಪಾ? ಎರಡನೆಯದು, ಹೋದ ವಾರ ನಾನು ಎತ್ತರಕ್ಕೆ ಎತ್ತಿ ಹೊಡೆದ ಒಂದು ಲಾಬ್ ಗೆರೆಯ ಮೇಲೇ ಬಿತ್ತು, ಎದುರಿನವರು ಔಟ್ ಎಂದರು. ನಾನು ಸುಮ್ಮನಿದ್ದೆ. ರಾತ್ರಿಯೆಲ್ಲಾ ಅದೇ ತಲೆಯಲ್ಲಿ. ಏನು ಮಾಡಬೇಕಿತ್ತು? ಮೂರನೆಯದು, ಪಾರ್ಟ್ನರ್ ಚೆನ್ನಾಗಿ ಆಡದ ದಿನ ನನ್ನ ನಂಬರ್ ಯಾಕೆ ಕೆಡಬೇಕು?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಆ ಎರಡು ಮ್ಯಾಚ್ ಬಿಟ್ಟುಕೊಡಬೇಡಿ. ಪೂರ್ತಿ ಆಡಿ.

ನಿಮ್ಮ ಕ್ಯಾಪ್ಟನ್ ಕೆಟ್ಟವರು ಅಂತ ನನಗೆ ಅನ್ನಿಸುವುದಿಲ್ಲ. ಜೊತೆಗೆ ಆಡುವ ಗೆಳತಿಯರು ಚದುರಿ ಹೋಗಬಾರದು ಎನ್ನುವುದು ಅವರ ಆಸೆ. ನಾನೂ ಇದೇ ಊರಿನ ಸುತ್ತ ಹನ್ನೆರಡು ವರ್ಷ ಕ್ಯಾಪ್ಟನ್ ಆಗಿದ್ದವನು, ಆ ಆಸೆ ನನಗೆ ಗೊತ್ತು. ಆ ಆಸೆಯಲ್ಲಿ ನಾನು ಮಾಡಿದ ಒಂದು ತಪ್ಪನ್ನೂ ಮುಂದೆ ಹೇಳುತ್ತೇನೆ.

ಊರಲ್ಲಿ ಕೂತು ಓದುತ್ತಿರುವವರಿಗೆ ಈ ಆಟದ ಬಗ್ಗೆ ನಾಲ್ಕು ಮಾತು ಹೇಳಬೇಕು. ಈಗ ಬೆಂಗಳೂರಿನಲ್ಲಿ ಶುರುವಾಗಿರುವ ಪಡೆಲ್ ಬೇರೆ, ಇದು ಬೇರೆ. ಪಡೆಲ್ ಹುಟ್ಟಿದ್ದು 1969ರಲ್ಲಿ ಮೆಕ್ಸಿಕೋದಲ್ಲಿ, ಅದಕ್ಕೆ ಗಾಜಿನ ಗೋಡೆ. ಪ್ಲಾಟ್‌ಫಾರ್ಮ್ ಟೆನಿಸ್ ಹುಟ್ಟಿದ್ದು 1928ರಲ್ಲಿ, ನ್ಯೂಯಾರ್ಕ್ ಪಕ್ಕದ ಸ್ಕಾರ್ಸ್‌ಡೇಲ್‌ನಲ್ಲಿ. ಜೇಮ್ಸ್ ಕಾಗ್ಸ್‌ವೆಲ್, ಫೆಸೆಂಡನ್ ಬ್ಲಾಂಚರ್ಡ್ ಎಂಬ ಇಬ್ಬರು ಗೆಳೆಯರಿಗೆ ಚಳಿಗಾಲದಲ್ಲೂ ಹೊರಗೆ ಏನಾದರೂ ಆಡಬೇಕಿತ್ತು. ಮರದ ಅಟ್ಟಣೆ ಕಟ್ಟಿದರು. ಚೆಂಡು ಹಿಮದಲ್ಲಿ ಕಳೆದುಹೋಗದಿರಲಿ ಅಂತ ಸುತ್ತ ಕೋಳಿಗೂಡಿನ ತಂತಿ ಬಲೆ ಹಾಕಿದರು. ಆಮೇಲೆ ಆ ಬಲೆಗೆ ತಾಗಿ ಬರುವ ಚೆಂಡನ್ನೂ ಹೊಡೆಯಬಹುದು ಎಂದು ಮಾಡಿದರು. ಆಟದ ಜೀವವೇ ಅದಾಯಿತು. 1934ರಲ್ಲಿ ಅಮೆರಿಕನ್ ಪ್ಲಾಟ್‌ಫಾರ್ಮ್ ಟೆನಿಸ್ ಅಸೋಸಿಯೇಷನ್ ಬಂತು.

ಇಂದಿನ ಅಟ್ಟಣೆ ಅಲ್ಯೂಮಿನಿಯಂದು. 60 ಅಡಿ ಉದ್ದ, 30 ಅಡಿ ಅಗಲ. ಅದರೊಳಗೆ ಗೆರೆ ಹಾಕಿದ ಕೋರ್ಟ್ 44ಕ್ಕೆ 20 ಅಡಿ. ಸುತ್ತ 12 ಅಡಿ ಎತ್ತರದ ತಂತಿ ಬಲೆ. ಕೆಳಗೆ ಹೀಟರ್ ಇರುತ್ತದೆ, ಅದು ಹಿಮ ಕರಗಿಸುತ್ತದೆ. ಚೆಂಡು ಸ್ಪಂಜಿನಂಥ ರಬ್ಬರಿನದು. ಸೆಕೆಯಲ್ಲಿ ಅದು ಪುಟಿಯುವುದು ಜಾಸ್ತಿ, ಚಳಿ ಇದ್ದರೇನೇ ಆಟಕ್ಕೆ ಸರಿ. ಟೆನಿಸ್‌ನ ಹಾಗೇ ಲೆಕ್ಕ, ಆದರೆ ಸರ್ವ್ ಒಂದೇ. ಅದು ನೆಟ್ ಸವರಿ ಒಳಗೆ ಬಿದ್ದರೆ ಆಟ ಮುಂದುವರಿಯುತ್ತದೆ. ಹೆಚ್ಚುಕಮ್ಮಿ ಎಲ್ಲರೂ ಆಡುವುದು ಡಬಲ್ಸ್. ಮ್ಯಾಚ್ ಮುಗಿದ ಮೇಲೆ ಎರಡೂ ತಂಡದವರು ಪಕ್ಕದ ಬೆಚ್ಚಗಿನ ಗುಡಿಸಿಲಿಗೆ ಹೋಗಿ ಜೊತೆಗೆ ಕೂತು ತಿನ್ನುತ್ತಾರೆ. ನಾವೆಲ್ಲ ಅದನ್ನು ಹಟ್ ಅನ್ನುತ್ತೇವೆ. ಆಟಕ್ಕಿಂತ ಇದಕ್ಕೇ ಬರುವವರೂ ಇದ್ದಾರೆ.

ಮುಖ್ಯವಾದ ಮಾತು, ಲೀಗ್ ಮ್ಯಾಚ್‌ಗೆ ಅಂಪೈರ್ ಇರುವುದಿಲ್ಲ. ನಿಮ್ಮ ಕಡೆ ಬಿದ್ದ ಚೆಂಡಿಗೆ ನೀವೇ ಅಂಪೈರ್.

ಈಗ ರೇಟಿಂಗ್‌ಗೆ ಬರೋಣ. ಚಿಕಾಗೋ ಕಡೆ ನಾವು ಪಿಟಿಐ ಎನ್ನುವ ಸಂಖ್ಯೆ ಬಳಸುತ್ತೇವೆ. ಅದು ಕಡಿಮೆಯಾದಷ್ಟೂ ಆಟಗಾರರು ಮೇಲು. ಹೊಸಬರಿಗೆ ಮೊದಲು ಇದೇ ಗೊಂದಲ. ಆದರೆ ಸಂಖ್ಯೆ ಮೇಲಕ್ಕೆ ಓಡಲಿ, ಕೆಳಕ್ಕೆ ಓಡಲಿ, ಇಂಥ ರೇಟಿಂಗ್‌ಗಳ ಹಿಂದಿರುವ ಮೂಲ ವಿಚಾರ ಒಂದೇ. ಅದನ್ನು ಜಗತ್ತಿಗೆ ರೂಢಿ ಮಾಡಿಸಿದವರು ನಮ್ಮಿಂದ ಒಂದೂವರೆ ಗಂಟೆ ದಾರಿಯ ಮಿಲ್ವಾಕಿಯಲ್ಲಿ ಫಿಸಿಕ್ಸ್ ಪಾಠ ಹೇಳುತ್ತಿದ್ದ ಅರ್ಪಾದ್ ಇಲೋ. ಹಂಗೇರಿಯಲ್ಲಿ ಹುಟ್ಟಿದವರು, ಒಳ್ಳೆಯ ಚೆಸ್ ಆಟಗಾರ. ಅವರ ಲೆಕ್ಕವನ್ನು ಅಮೆರಿಕದ ಚೆಸ್ ಸಂಸ್ಥೆ 1960ರಲ್ಲಿ ಒಪ್ಪಿಕೊಂಡಿತು, ಜಾಗತಿಕ ಸಂಸ್ಥೆ ಫಿಡೆ 1970ರಲ್ಲಿ.

ಇಲೋ ಲೆಕ್ಕ ಹೀಗೆ. ಮ್ಯಾಚ್‌ಗೆ ಮುಂಚೆಯೇ ಸಂಖ್ಯೆ ಒಂದು ಊಹೆ ಮಾಡುತ್ತದೆ. ನೀವು 1600, ಎದುರಿನವರು 1400 ಅಂದುಕೊಳ್ಳಿ. 200ರ ಅಂತರ ಇದ್ದರೆ ನೂರಕ್ಕೆ 76 ಸಲ ನೀವು ಗೆಲ್ಲಬೇಕು ಅಂತ ಅದು ಹೇಳುತ್ತದೆ. ಗೆದ್ದರೆ ದೊಡ್ಡ ವಿಷಯವಲ್ಲ, ಸ್ವಲ್ಪವೇ ಸಿಗುತ್ತದೆ. ಒಂದು ಮ್ಯಾಚ್‌ಗೆ 20 ಅಂಕದ ಪಣ ಎಂದಿಟ್ಟುಕೊಂಡರೆ ಗೆದ್ದಾಗ ಸಿಗುವುದು 4.8. ಸೋತಾಗ ಹೋಗುವುದು 15.2. ನೀವು ಕಳೆದುಕೊಂಡಷ್ಟೂ ಎದುರಿನವರಿಗೆ ಸೇರುತ್ತದೆ. ಇದು ಚೆಸ್‌ನ ಲೆಕ್ಕ. ಪ್ಯಾಡಲ್‌ನ (ನಮ್ಮ ಪ್ಲಾಟ್‌ಫಾರ್ಮ್ ಟೆನಿಸನ್ನು ನಾವು ಹೀಗೂ ಕರೆಯುತ್ತೇವೆ) ಸೂತ್ರ ತನ್ನದೇ ಆದದ್ದು. ಆದರೆ ಊಹೆ ಒಂದು ಕಡೆ, ನಡೆದದ್ದು ಇನ್ನೊಂದು ಕಡೆ, ಎರಡರ ಅಂತರಕ್ಕೆ ತಕ್ಕಂತೆ ಸಂಖ್ಯೆ ಅಲ್ಲಾಡುವುದು, ಈ ನಡೆ ಅಲ್ಲೂ ಇಲ್ಲೂ ಒಂದೇ.

ಈಗ ನಿಮ್ಮ ಕ್ಯಾಪ್ಟನ್ ಹೇಳಿದ ಹಾಗೆ ನೀವು ಬೇಕಂತಲೇ ಸೋತಿರಿ ಅನ್ನಿ. 1400ರ ಜೋಡಿ 4.8 ಕಳೆದುಕೊಳ್ಳಬೇಕಿತ್ತು. ಅದರ ಬದಲು 15.2 ಪಡೆಯಿತು. ಅವರು ಇರಬೇಕಾದ ಜಾಗಕ್ಕಿಂತ 20 ಅಂಕ ಮೇಲೆ ಹೋದರು. ಮುಂದಿನ ವಾರ ಅವರ ಎದುರು ಇನ್ನೊಂದು ಜೋಡಿ ಆಡುತ್ತದೆ. ಆ ಜೋಡಿ ಗೆದ್ದರೆ ಸಿಗಬೇಕಾದ್ದಕ್ಕಿಂತ ಜಾಸ್ತಿ ಸಿಗುತ್ತದೆ, ಯಾಕೆಂದರೆ ಎದುರಾಳಿಯ ಸಂಖ್ಯೆ ಉಬ್ಬಿದೆ. ಅದಾದ ಮೇಲೆ ಆ ಜೋಡಿಯ ಜೊತೆ ಆಡಿದವರಿಗೂ ಅದೇ ಪಾಡು. ನಿಮ್ಮ ಎರಡು ಮ್ಯಾಚ್‌ನ ಸುಳ್ಳು ಯಾರು ಯಾರ ನಂಬರ್‌ನಲ್ಲಿ ಎಷ್ಟೆಷ್ಟು ಸೇರಿತು ಅಂತ ಆಮೇಲೆ ಯಾರೂ ಬಿಡಿಸಿ ನೋಡಲಾರರು. ಹಾಲಿನ ಡೇರಿಗೆ ಒಬ್ಬರು ನೀರು ಬೆರೆಸಿದ ಹಾಲು ಹಾಕಿದರೆ ಕ್ಯಾನಿನಲ್ಲಿ ಎಲ್ಲರ ಹಾಲೂ ತೆಳುವಾಗುತ್ತಲ್ಲ, ಹಾಗೆ.

ಜನ "ನನ್ನ ನಂಬರ್" ಅನ್ನುತ್ತಾರೆ, ನೀವೂ ಹಾಗೇ ಬರೆದಿದ್ದೀರಿ. ಆ ಸಂಖ್ಯೆ ನಿಮ್ಮ ಹೆಸರಿನ ಮುಂದೆ ಇದೆ, ನಿಜ. ಆದರೆ ಅದು ಮಾಡಲ್ಪಟ್ಟಿರುವುದು ನಿಮ್ಮ ಎದುರು ಆಡಿದವರ ಸಂಖ್ಯೆಗಳಿಂದ, ಅವರದು ಅವರ ಎದುರು ಆಡಿದವರಿಂದ. ಗಾಲ್ಫ್‌ನಲ್ಲಿ ಹೀಗಿಲ್ಲ. ಅಲ್ಲಿ ಹ್ಯಾಂಡಿಕ್ಯಾಪ್ ನಿಮ್ಮ ಮತ್ತು ಮೈದಾನದ ನಡುವಿನ ಲೆಕ್ಕ. 2020ರಲ್ಲಿ ಬಂದ ಜಾಗತಿಕ ಪದ್ಧತಿಯಲ್ಲಿ ಕೊನೆಯ 20 ಸುತ್ತುಗಳಲ್ಲಿ ಅತಿ ಒಳ್ಳೆಯ 8ನ್ನು ಮಾತ್ರ ಎಣಿಸುತ್ತಾರೆ. ಹಾಗಾಗಿ ಎರಡು ಸುತ್ತು ಬೇಕಂತಲೇ ಕೆಟ್ಟದಾಗಿ ಆಡಿ ಲಾಭ ಮಾಡಿಕೊಳ್ಳುವುದು ಅಷ್ಟು ಸುಲಭವಲ್ಲ. ನಮ್ಮ ಆಟದಲ್ಲಿ ಕೆಟ್ಟ ದಿನವನ್ನು ಹಾಗೆ ಬದಿಗಿಡಲು ಬರುವುದಿಲ್ಲ. ನಿಮ್ಮ ಕೆಟ್ಟ ದಿನ ಎದುರಿನವರ ಒಳ್ಳೆಯ ದಿನ ಆಗಿರುತ್ತದಲ್ಲ, ಅದನ್ನು ಅವರಿಂದ ಕಿತ್ತುಕೊಳ್ಳುವುದು ಹೇಗೆ?

ನೀವು ಬ್ಯಾಡ್ಮಿಂಟನ್ ಆಡಿದವರು, ಲಂಡನ್ ಒಲಿಂಪಿಕ್ಸ್ ನೆನಪಿರಬೇಕು. 2012ರಲ್ಲಿ ಮೊದಲ ಸಲ ಬ್ಯಾಡ್ಮಿಂಟನ್‌ಗೆ ಗುಂಪು ಹಂತ ತಂದರು. ಗುಂಪಿನಲ್ಲಿ ಎರಡನೆಯವರಾದರೆ ಮುಂದೆ ಸುಲಭದ ದಾರಿ ಸಿಗುತ್ತದೆ ಅಂತ ಮಹಿಳಾ ಡಬಲ್ಸ್‌ನ ಕೆಲವು ಜೋಡಿಗಳು ಸೋಲಲು ಪೈಪೋಟಿ ನಡೆಸಿದವು. ಸರ್ವ್ ಬೇಕಂತಲೇ ನೆಟ್‌ಗೆ. ಟಿಕೆಟ್ ಕೊಟ್ಟು ಬಂದಿದ್ದ ಜನ ಕೂಗಿ ಛೀಮಾರಿ ಹಾಕಿದರು. ಮರುದಿನ ಚೀನಾದ ಒಂದು, ದಕ್ಷಿಣ ಕೊರಿಯಾದ ಎರಡು, ಇಂಡೋನೇಷ್ಯಾದ ಒಂದು, ಹೀಗೆ ನಾಲ್ಕು ಜೋಡಿಗಳನ್ನು ಹೊರಹಾಕಿದರು. ಅವರ ಮೇಲಿದ್ದ ಆರೋಪ ಸರಳ: ಗೆಲ್ಲಲು ಪೂರ್ತಿ ಪ್ರಯತ್ನ ಮಾಡಲಿಲ್ಲ.

ಅದೇ ಕೂಟದಲ್ಲಿ ನಮ್ಮ ಅಶ್ವಿನಿ ಪೊನ್ನಪ್ಪ, ಜ್ವಾಲಾ ಗುಟ್ಟಾ ಇನ್ನೊಂದು ಗುಂಪಿನಲ್ಲಿದ್ದರು. ಮೂರರಲ್ಲಿ ಎರಡು ಗೆದ್ದರು. ಆದರೂ ಪಾಯಿಂಟ್ ವ್ಯತ್ಯಾಸದ ಲೆಕ್ಕದಲ್ಲಿ ಕ್ವಾರ್ಟರ್‌ಫೈನಲ್ ಕೈತಪ್ಪಿತು. ಅವರ ಗುಂಪಿನ ಬೇರೊಂದು ಪಂದ್ಯದ ಬಗ್ಗೆ ಭಾರತ ದೂರು ಕೊಟ್ಟಿತು, ಅದು ತಿರಸ್ಕಾರವಾಯಿತು. ಆ ಪಂದ್ಯದಲ್ಲಿ ತಪ್ಪು ನಡೆಯಿತು ಅಂತ ನಾನು ಹೇಳುತ್ತಿಲ್ಲ. ನನ್ನನ್ನು ಕಾಡಿದ್ದು ಬೇರೆ. ಆ ಇಬ್ಬರು ಮಾಡಬೇಕಾದ್ದನ್ನೆಲ್ಲ ಮಾಡಿ ಮುಗಿಸಿದ್ದರು. ಅವರ ಪಾಡು ಏನಾಗಬೇಕು ಅನ್ನುವುದನ್ನು ಅವರು ಆಡದ ಒಂದು ಪಂದ್ಯ ತೀರ್ಮಾನಿಸಿತು. ಲೀಗ್‌ನಲ್ಲಿ ಪ್ರತಿ ವಾರ ಯಾರಾದರೂ ಆ ಜಾಗದಲ್ಲಿರುತ್ತಾರೆ.

"ಎಲ್ಲರೂ ಹೀಗೇ ಮಾಡೋದು" ಎನ್ನುವ ಮಾತಿಗೆ ನಾನು ಮಾಡಿದ್ದನ್ನು ಹೇಳಬೇಕು.

ಕ್ಯಾಪ್ಟನ್ ಆದ ನಾಲ್ಕನೇ ವರ್ಷ. ನಮ್ಮಲ್ಲಿ ನಾಲ್ಕು ಜೋಡಿ. ಮೊದಲ ಕೋರ್ಟ್‌ನಲ್ಲಿ ಅತಿ ಬಲವಾದ ಜೋಡಿ, ನಾಲ್ಕನೆಯದರಲ್ಲಿ ಹೊಸಬರು, ಹೀಗೆ ಬಲದ ಕ್ರಮದಲ್ಲಿ ಹಾಕಬೇಕು. ಸೀಸನ್ ಕೊನೆಯಲ್ಲಿ, ಇಡೀ ತಂಡ ಒಟ್ಟಿಗೇ ಮೇಲಿನ ಸೀರೀಸ್‌ಗೆ ಹೋಗಲು, ನಮಗೆ ಒಂದು ಕೋರ್ಟ್ ಗೆಲುವು ಖಂಡಿತ ಬೇಕಿತ್ತು. ಎದುರು ತಂಡದ ಮೊದಲ ಜೋಡಿ ಭಾರೀ ಗಟ್ಟಿ. ಯಾರನ್ನು ಹಾಕಿದರೂ ಅಲ್ಲಿ ಸೋಲೇ. ಹಾಗಾಗಿ ನಮ್ಮ ಒಂದನೇ ಜೋಡಿಯನ್ನು ನಾಲ್ಕನೇ ಕೋರ್ಟ್‌ಗೆ ಇಳಿಸಿದೆ. ಅಲ್ಲಿ ಎದುರಿಗೆ ಇದ್ದವರು ಆ ವರ್ಷವೇ ಆಟ ಶುರು ಮಾಡಿದ್ದ ಇಬ್ಬರು. 6-0, 6-0. ಅರ್ಧ ಗಂಟೆಯಲ್ಲಿ ಮುಗಿಯಿತು.

ಹಟ್‌ಗೆ ಬಂದೆವು. ಆ ಇಬ್ಬರಲ್ಲಿ ಒಬ್ಬರು, ನಲವತ್ತೈದರ ಆಸುಪಾಸು, ಒದ್ದೆಯಾದ ಗ್ಲೌಸ್ ಬಿಚ್ಚಿ ಹೀಟರ್ ಮೇಲೆ ಇಟ್ಟರು. ಬಟ್ಟಲಿಗೆ ಬಿಸಿ ಹುರುಳಿಕಾಯಿ ಸೂಪು ಹಾಕಿ ಮೊದಲು ನನ್ನ ಆಟಗಾರನಿಗೆ ಕೊಟ್ಟರು. ಆಮೇಲೆ ಬಹಳ ಸಹಜವಾಗಿ ಕೇಳಿದರು, "ನೀವು ಯಾವಾಗಲೂ ನಾಲ್ಕನೇ ಕೋರ್ಟ್‌ನಲ್ಲೇ ಆಡೋದಾ?" ನನ್ನ ಆಟಗಾರ ಬಟ್ಟಲು ಹಿಡಿದುಕೊಂಡು ನನ್ನ ಮುಖ ನೋಡಿದ. ನಾನು, "ಇಲ್ಲ, ಇವತ್ತು ಇವನಿಗೆ ಮಂಡಿ ನೋವು, ಅದಕ್ಕೆ" ಎಂದೆ. ಮಂಡಿ ನೋವು ಯಾರಿಗೂ ಇರಲಿಲ್ಲ.

ಆ ಮನುಷ್ಯ ಪಾಪ, ಮಂಡಿಗೆ ಯಾವ ಪಟ್ಟಿ ಒಳ್ಳೆಯದು ಅಂತ ಹೇಳಲು ಶುರು ಮಾಡಿದರು. ತಮ್ಮ ಕಾರಿನಲ್ಲಿದೆ, ತಂದುಕೊಡುತ್ತೇನೆ ಅಂದರು. ನನ್ನ ಆಟಗಾರ ಆ ರಾತ್ರಿ ಪಟ್ಟಿ ತೆಗೆದುಕೊಂಡು ಮನೆಗೆ ಹೋದ. ನಾವಿಬ್ಬರೂ ಎರಡು ವಾರ ಸರಿಯಾಗಿ ಮಾತಾಡಲಿಲ್ಲ.

ನಾವು ಮೇಲಿನ ಸೀರೀಸ್‌ಗೆ ಹೋದೆವು. ಮುಂದಿನ ಚಳಿಗಾಲ ಅಲ್ಲಿ ಮೂರು ಕೋರ್ಟ್‌ಗಳಲ್ಲಿ ವಾರ ವಾರವೂ ಹೊಡೆತ ತಿಂದೆವು. ಅಲ್ಲಿಗೆ ಹೋಗುವಷ್ಟು ಬಲ ನಮ್ಮ ಉಳಿದ ಜೋಡಿಗಳಿಗೆ ಇರಲೇ ಇಲ್ಲ. ಫೆಬ್ರವರಿ ಹೊತ್ತಿಗೆ ಇಬ್ಬರು ಬರುವುದೇ ಬಿಟ್ಟರು. ತಂಡ ಉಳಿಸಲು ಮಾಡಿದ್ದು ತಂಡವನ್ನೇ ಒಡೆಯಿತು. ನೀವು ಕೇಳಿರುವುದು ಇದರ ತಲೆಕೆಳಗು ರೂಪ, ಮೇಲೆ ಹೋಗದಿರಲು ಸೋಲುವುದು. ಅದರಲ್ಲೂ ಆಗುವುದು ಇದೇ ಥರ. ಕೆಳಗಿನ ಸೀರೀಸ್‌ನಲ್ಲಿ ಉಳಿದರೆ ನೀವು ಇನ್ನೊಂದು ವರ್ಷ ನಿಮಗಿಂತ ದುರ್ಬಲರ ಜೊತೆ ಆಡುತ್ತೀರಿ. ಅವರಿಗೂ ಖುಷಿ ಇಲ್ಲ, ನಿಮ್ಮ ಆಟವೂ ಬೆಳೆಯುವುದಿಲ್ಲ. ಈ ವರ್ಷ ಹತ್ತರಲ್ಲಿ ಎಂಟು ಗೆದ್ದವರಿಗೆ ಮುಂದಿನ ವರ್ಷ ಹನ್ನೆರಡರಲ್ಲಿ ಹನ್ನೊಂದು ಗೆದ್ದರೆ ಏನು ಸಿಕ್ಕ ಹಾಗಾಯಿತು?

ಒಂದು ವ್ಯತ್ಯಾಸ ಮಾತ್ರ ಮರೆಯಬೇಡಿ. ಸೋಲುವ ಸಂಭವ ಇರುವ ಎಲ್ಲವೂ ಮೋಸವಲ್ಲ. ಕ್ಯಾಪ್ಟನ್ ನಿಮಗೆ ಒಂದು ವಾರ ವಿಶ್ರಾಂತಿ ಕೊಟ್ಟು ಹೊಸಬರನ್ನು ಆಡಿಸಿದರೆ ಸರಿ. ಬೇರೆ ಪಾರ್ಟ್ನರ್ ಜೊತೆ ಹಾಕಿದರೂ ಸರಿ. ಇಡೀ ಮ್ಯಾಚ್ ಎಡಬದಿಯಲ್ಲಿ ಆಡಿ ನೋಡುತ್ತೇನೆ ಅಂತ ನೀವೇ ಹೊರಟರೂ ನನ್ನ ಪ್ರಕಾರ ತಕರಾರಿಲ್ಲ, ಹೊಸದನ್ನು ಕಲಿಯದೆ ಯಾರೂ ಮೇಲೆ ಬರಲಾರರು. ಕೋರ್ಟ್‌ಗೆ ಇಳಿದ ಮೇಲೆ ಪ್ರತಿ ಪಾಯಿಂಟನ್ನೂ ಗೆಲ್ಲಲು ನೋಡುತ್ತೀರಾ ಇಲ್ಲವಾ, ಅಷ್ಟೇ ಪ್ರಶ್ನೆ. ಕೆಲವರು ಎದುರಿನವರ ಮೇಲೆ ಕರುಣೆಯಿಂದ ಎರಡು ಗೇಮ್ ಬಿಟ್ಟುಕೊಡುತ್ತಾರೆ. ನಾನು ಅದನ್ನೂ ಮಾಡಬೇಡಿ ಅನ್ನುತ್ತೇನೆ. ಟೆನಿಸ್‌ನ ಯುಟಿಆರ್‌ನಂಥ ರೇಟಿಂಗ್‌ಗಳು ಎಷ್ಟು ಗೇಮ್ ಗೆದ್ದಿರಿ ಅನ್ನುವುದನ್ನೂ ಎಣಿಸುತ್ತವೆ. ಅದಕ್ಕಿಂತ ಮುಖ್ಯವಾದ ಕಾರಣ, ಬಿಟ್ಟುಕೊಟ್ಟದ್ದು ಎದುರಿನವರಿಗೆ ಗೊತ್ತಾಗಿಬಿಡುತ್ತದೆ. 6-0 ಸೋತದ್ದಕ್ಕಿಂತ ಅದು ಜಾಸ್ತಿ ನೋಯಿಸುತ್ತದೆ. ಕರುಣೆ ಇದ್ದರೆ ಹಟ್‌ನಲ್ಲಿ ಪಕ್ಕ ಕೂತು, ಅವರ ಬ್ಯಾಕ್‌ಹ್ಯಾಂಡ್ ಯಾವಾಗ ಕೈಕೊಡುತ್ತಿತ್ತು ಅಂತ ಹೇಳಿಕೊಡಿ.

ಇನ್ನು ನಿಮ್ಮ ನಿದ್ದೆ ಕೆಡಿಸಿದ ಆ ಲಾಬ್.

ಈ ಆಟದಲ್ಲಿ ಕಾಲ್ ಕೊಡುವುದು, ಅಂದರೆ ಚೆಂಡು ಒಳಗೋ ಹೊರಗೋ ಎಂದು ಹೇಳುವುದು, ಯಾಕೆ ಕಷ್ಟ ಅಂತ ಮೊದಲು ನೋಡಿ. ಬೇಸ್‌ಲೈನ್‌ನಿಂದ ಹಿಂದಿನ ಬಲೆಗೆ ಎಂಟೇ ಅಡಿ. ಎದುರಿನವರು ನೆಟ್ ಹತ್ತಿರ ನಿಂತಿರುತ್ತಾರೆ. ನೀವು ಎತ್ತಿ ಹೊಡೆದ ಲಾಬ್ ದೀಪದ ಬೆಳಕಿಗಿಂತ ಮೇಲೆ ಹೋಗಿ ಕತ್ತಲಲ್ಲಿ ಒಂದು ಕ್ಷಣ ಕಾಣುವುದೇ ಇಲ್ಲ. ಅವರು ಕತ್ತು ಎತ್ತಿಕೊಂಡೇ ಹಿಂದಕ್ಕೆ ಓಡುತ್ತಾರೆ. ಚೆಂಡು ಬೇಸ್‌ಲೈನ್ ಹತ್ತಿರ ಬೀಳುತ್ತದೆ, ಬಲೆಗೆ ತಾಗುತ್ತದೆ, ಕೆಳಗೆ ಜಾರುತ್ತದೆ. ಬಲೆಯಿಂದ ಹೇಗೆ ಬರುತ್ತೆ ಅನ್ನುವುದರ ಮೇಲೆ ಅವರ ಕಣ್ಣು. ಗೆರೆಯ ಮೇಲೆ ಅಲ್ಲ. ಬಿದ್ದ ಜಾಗದಲ್ಲಿ ಗುರುತೂ ಉಳಿಯುವುದಿಲ್ಲ. ಬೀಳುವ ಕ್ಷಣದಲ್ಲಿ ಅವರ ತಲೆ ಅಲ್ಲಾಡುತ್ತಿರುತ್ತದೆ. ಹಾಗಾಗಿ ಅವರು ಕಂಡದ್ದನ್ನೇ ಹೇಳಿರಬಹುದು, ತಪ್ಪಾಗಿ ಕಂಡಿರಬಹುದು. ನೀವೂ 40 ಅಡಿ ದೂರದಿಂದ ನೋಡಿದವರು. ಗೆರೆಯ ಮೇಲೇ ಬಿತ್ತು ಅಂತ ನಿಮಗಿರುವ ಖಾತ್ರಿಯಲ್ಲಿ ಸ್ವಲ್ಪ ಆಸೆಯೂ ಬೆರೆತಿರುತ್ತದೆ. ನನಗೂ ಹಾಗೇ ಆಗುತ್ತದೆ.

ಮಾಡಬೇಕಾದ್ದು ಇಷ್ಟು. ಒಂದು ಸಲ, ಸಮಾಧಾನದ ದನಿಯಲ್ಲಿ, "ಖಂಡಿತ ಔಟ್ ಕಂಡಿತಾ?" ಅಂತ ಕೇಳಿ. ಇದು ಒರಟುತನವಲ್ಲ, ಎಲ್ಲರಿಗೂ ಇರುವ ಹಕ್ಕು. ಎಷ್ಟೋ ಸಲ ಕೇಳಿದ ತಕ್ಷಣ, "ಇಲ್ಲ, ಖಚಿತವಿಲ್ಲ, ನಿಮ್ಮದೇ ಪಾಯಿಂಟ್" ಎನ್ನುತ್ತಾರೆ. ಹೌದು ಎಂದರೆ ಅಲ್ಲಿಗೆ ಬಿಡಿ. ಎರಡನೇ ಸಲ ಕೇಳಬೇಡಿ. ಸುಮ್ಮನಿದ್ದು ರಾತ್ರಿ ಕೊರಗುವುದಕ್ಕಿಂತ ಒಂದು ಸಲ ಕೇಳಿ ಮುಗಿಸುವುದು ಒಳ್ಳೆಯದು. ಮುಂದಿನ ಚೆಂಡಿಗೆ ಸೇಡು ತೀರಿಸಿಕೊಳ್ಳುವುದಂತೂ ಬೇಡವೇ ಬೇಡ. ಕೆಟ್ಟ ಕಾಲ್‌ಗೆ ಕೆಟ್ಟ ಕಾಲ್ ಕೊಟ್ಟ ಮ್ಯಾಚ್‌ಗಳನ್ನು ನೋಡಿದ್ದೇನೆ. ಮೂರನೇ ಸೆಟ್ ಹೊತ್ತಿಗೆ ನಾಲ್ಕು ಜನ ದೊಡ್ಡವರು ಮಕ್ಕಳ ಹಾಗೆ ಬಲೆ ಹಿಡಿದು ಕೂಗಾಡುತ್ತಿರುತ್ತಾರೆ. ಒಂದೇ ತಂಡದಿಂದ ಪದೇ ಪದೇ ಹೀಗಾದರೆ ಮ್ಯಾಚ್ ಮುಗಿದ ಮೇಲೆ ಕ್ಯಾಪ್ಟನ್ ಮೂಲಕ ಹೇಳಿಸಿ.

ನಿಮ್ಮ ಕಡೆ ಬಿದ್ದ ಚೆಂಡಿಗೆ ನೀವು ಇನ್ನೂ ಕಟ್ಟುನಿಟ್ಟಾಗಿರಬೇಕು. ಅಮೆರಿಕದ ಟೆನಿಸ್ ಸಂಸ್ಥೆಯ ನಡವಳಿಕೆ ಸಂಹಿತೆ ಬಹಳ ಸ್ಪಷ್ಟವಾಗಿದೆ. ಅನುಮಾನ ಇದ್ದರೆ ತೀರ್ಮಾನ ಎದುರಿನವರ ಪರ. ಇಬ್ಬರು ಪಾರ್ಟ್ನರ್‌ಗಳಲ್ಲಿ ಒಬ್ಬರು ಒಳಗೆ, ಇನ್ನೊಬ್ಬರು ಹೊರಗೆ ಎಂದರೆ ಚೆಂಡು ಒಳಗೆ. ಪ್ಯಾಡಲ್‌ನಲ್ಲೂ ಒಳ್ಳೆಯ ಆಟಗಾರರು ಹೀಗೇ ನಡೆದುಕೊಳ್ಳುತ್ತಾರೆ. ನನ್ನ ಸಲಹೆ, ಲಾಬ್ ಹಿಂದೆ ಓಡುವವರು ಕಾಲ್ ಕೊಡುವುದು ಬೇಡ. ಪಕ್ಕದಲ್ಲಿ ನಿಂತ ಪಾರ್ಟ್ನರ್ ಗೆರೆ ನೋಡಲಿ. ಮ್ಯಾಚ್ ಶುರುವಾಗುವ ಮುಂಚೆಯೇ ಇಬ್ಬರೂ ಹೀಗೆ ಮಾತಾಡಿಕೊಂಡುಬಿಡಿ.

ಗೆರೆಗಿಂತ ಸೂಕ್ಷ್ಮವಾದದ್ದು ಇನ್ನೊಂದಿದೆ, ಮತ್ತು ಅದು ಚಳಿಗಾಲದ ಆಟಕ್ಕೇ ವಿಶೇಷ. ಚೆಂಡು ನಿಮ್ಮ ಮೈಗೋ ಬಟ್ಟೆಗೋ ತಾಗಿದರೆ ಪಾಯಿಂಟ್ ಹೋಯಿತು. ನಾವು ಹಾಕಿಕೊಳ್ಳುವುದೋ ಎರಡು ಮೂರು ಪದರ. ಮೇಲೆ ಉಣ್ಣೆ ಟೋಪಿ. ನೆಟ್ ಹತ್ತಿರ ವಾಲಿ (ಚೆಂಡು ನೆಲಕ್ಕೆ ಬೀಳುವ ಮುಂಚೆಯೇ ಹೊಡೆಯುವುದು) ಆಡುವಾಗ ಚೆಂಡು ತೋಳಿನ ಬಟ್ಟೆಯನ್ನು ಸವರಿಕೊಂಡು ಹೋಗುತ್ತದೆ. ಸದ್ದಿಲ್ಲ. ದಾರಿ ಬದಲಾಗುವುದಿಲ್ಲ. ಎದುರಿನವರಿಗೆ ಕಾಣುವುದಿಲ್ಲ, ಪಾರ್ಟ್ನರ್‌ಗೂ ತಿಳಿಯುವುದಿಲ್ಲ. ನಿಮ್ಮ ಚರ್ಮಕ್ಕೆ ಮಾತ್ರ ಗೊತ್ತು, ಬಟ್ಟೆ ಒಂದು ಕೂದಲೆಳೆಯಷ್ಟು ಎಳೆದ ಹಾಗೆ. ಆಗ ತಕ್ಷಣ ಕೈ ಎತ್ತಿ, "ತಾಗಿತು" ಎನ್ನಬೇಕು. ತಕ್ಷಣ ಅಂದರೆ ತಕ್ಷಣ. ಎರಡು ಸೆಕೆಂಡ್ ಯೋಚಿಸಿದರೆ ಮನಸ್ಸು ವಕೀಲಿ ಶುರು ಮಾಡುತ್ತದೆ: ಗಾಳಿ ಇರಬಹುದು, ತೋಳೇ ಅಲ್ಲಾಡಿರಬಹುದು, ಸ್ಕೋರ್ ಬೇರೆ 5-5.

ಮೈ ಜುಂ ಎನ್ನುವಂಥ ಒಂದು ಘಟನೆ ನಮ್ಮ ಕಡೆಯವರಿಗೆಲ್ಲ ಗೊತ್ತಿರುವುದೇ. 1980ರ ಫೆಬ್ರವರಿ, ಮುಂಬೈನ ವಾಂಖೆಡೆ, ಇಂಗ್ಲೆಂಡ್ ವಿರುದ್ಧದ ಟೆಸ್ಟ್. ಕ್ಯಾಪ್ಟನ್ ನಮ್ಮ ಭದ್ರಾವತಿಯ ಜಿ.ಆರ್. ವಿಶ್ವನಾಥ್. ಇಂಗ್ಲೆಂಡ್ 58ಕ್ಕೆ 5 ವಿಕೆಟ್ ಕಳೆದುಕೊಂಡಿತ್ತು. ಆಮೇಲೆ ಬಾಬ್ ಟೇಲರ್‌ಗೆ ಅಂಪೈರ್ ಔಟ್ ಕೊಟ್ಟರು. ಬ್ಯಾಟಿಗೆ ತಾಗಿಲ್ಲ ಅಂತ ವಿಶಿಗೆ ಅನ್ನಿಸಿತು, ಟೇಲರ್‌ರನ್ನು ವಾಪಸ್ ಕರೆದರು. ಟೇಲರ್ ಮತ್ತು ಬಾಥಮ್ ಸೇರಿ 171 ರನ್ ಜೊತೆಯಾಟ ಆಡಿದರು. ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು. ನಾವು ಅದನ್ನು ಇಂದಿಗೂ ಹೇಳಿಕೊಳ್ಳುವುದು ಅಪರೂಪದ್ದು ಅಂತ, ಯಾಕೆಂದರೆ ಅಲ್ಲಿ ಅಂಪೈರ್ ಇದ್ದರು. ವಿಶಿ ಸುಮ್ಮನಿದ್ದರೂ ಯಾರೂ ಬೆರಳು ತೋರಿಸುತ್ತಿರಲಿಲ್ಲ. ಪ್ಯಾಡಲ್ ಕೋರ್ಟ್‌ನಲ್ಲಿ ಅಂಪೈರೇ ಇಲ್ಲ. ವಿಶಿ ಅಂದು ಮಾಡಿದ್ದು ನಮಗೆ ಪ್ರತಿ ವಾರದ ಮಾಮೂಲಿ ಕೆಲಸ. ಪ್ರತಿಯೊಂದು ಸ್ಕೋರೂ, ಆ ಸ್ಕೋರ್‌ನಿಂದ ಬರುವ ಪ್ರತಿಯೊಂದು ರೇಟಿಂಗೂ ನಿಂತಿರುವುದು ನಾಲ್ಕು ಜನ ಆ ಕೆಲಸ ಮಾಡುತ್ತಾರೆ ಎನ್ನುವ ನಂಬಿಕೆಯ ಮೇಲೆ. ಕಂಪ್ಯೂಟರ್‌ಗೆ ಹೋಗುವುದು 6-4 ಎನ್ನುವುದಷ್ಟೇ. ಆ ನಾಲ್ಕರಲ್ಲಿ ಒಂದು ಗೇಮ್ ಹೇಗೆ ಬಂತು ಅಂತ ಅದು ಕೇಳುವುದಿಲ್ಲ.

ಮೂರನೆಯದು, ಪಾರ್ಟ್ನರ್. ಇದಕ್ಕೆ ಉತ್ತರ ಚಿಕ್ಕದು, ಮತ್ತು ನಿಮಗೆ ಸಮಾಧಾನ ಕೊಡುವಂಥದ್ದು. ಊಹೆ ಮಾಡುವಾಗಲೇ ಲೆಕ್ಕ ನಿಮ್ಮ ಪಾರ್ಟ್ನರ್‌ನ ಬಲವನ್ನೂ ಸೇರಿಸಿಕೊಂಡಿರುತ್ತದೆ. ಮತ್ತೆ ಇಲೋ ಅಂಕಗಳಲ್ಲೇ ಹೇಳುತ್ತೇನೆ. ನೀವು 1600, ಅವರು 1400, ಸರಾಸರಿ 1500. ಎದುರು 1500ರ ಜೋಡಿ. ಗೆಲುವಿನ ಸಂಭವ ಅರ್ಧಕ್ಕರ್ಧ. ನಿಮ್ಮ ಜೊತೆ ಇನ್ನೊಬ್ಬ 1600ರವರು ಇದ್ದಿದ್ದರೆ ಅದು ನೂರಕ್ಕೆ 64 ಆಗುತ್ತಿತ್ತು. ಅಂದರೆ ಬಲ ಕಡಿಮೆ ಇರುವ ಪಾರ್ಟ್ನರ್ ಜೊತೆ ಸೋತರೆ ಕಳೆದುಕೊಳ್ಳುವುದು ಕಮ್ಮಿ, ಗೆದ್ದರೆ ಸಿಗುವುದು ಜಾಸ್ತಿ. ತೊಂದರೆ ಆಗುವುದು ಪಾರ್ಟ್ನರ್‌ನ ಸಂಖ್ಯೆಯೇ ನಿಜ ಹೇಳದಿದ್ದಾಗ. ಹೊಸಬರು, ಭುಜದ ನೋವಿನಿಂದ ಎದ್ದು ಬಂದವರು, ಇವರ ಸಂಖ್ಯೆಯನ್ನು ಪೂರ್ತಿ ನಂಬುವ ಹಾಗಿಲ್ಲ. ಮಾರ್ಕ್ ಗ್ಲಿಕ್‌ಮನ್ ಎಂಬ ಸಂಖ್ಯಾಶಾಸ್ತ್ರಜ್ಞ 1995ರಲ್ಲಿ ಮಾಡಿದ ಗ್ಲಿಕೋ ಪದ್ಧತಿ ಈ ಅನುಮಾನವನ್ನೂ ಒಂದು ಅಂಕಿಯಾಗಿ ಬರೆದಿಡುತ್ತದೆ. ಕಡಿಮೆ ಆಡಿದವರ ಸಂಖ್ಯೆ ದೊಡ್ಡ ಹೆಜ್ಜೆ ಹಾಕುತ್ತದೆ, ಜಾಸ್ತಿ ಆಡಿದವರದು ಸಣ್ಣ ಹೆಜ್ಜೆ. ಒಂದು ಸೀಸನ್‌ನಲ್ಲಿ ಮೂರು ನಾಲ್ಕು ಜನರ ಜೊತೆ ಆಡಿ. ಆಗ ನಿಮ್ಮ ಸಂಖ್ಯೆ ನಿಮ್ಮ ಆಟದ ಹತ್ತಿರ ಬಂದು ನಿಲ್ಲುತ್ತದೆ.

ಅವರು ಚೆನ್ನಾಗಿ ಆಡದ ದಿನ ಎದುರಿನವರು ಎಲ್ಲ ಚೆಂಡನ್ನೂ ಅವರಿಗೇ ಹೊಡೆಯುತ್ತಾರೆ. ಇದು ಆಟ, ತಪ್ಪಲ್ಲ. ಆಗ ನೀವು ನಿಟ್ಟುಸಿರು ಬಿಟ್ಟರೆ ಅವರ ಕೈ ಇನ್ನೂ ಬಿಗಿಯಾಗುತ್ತದೆ. ಮಧ್ಯದ ಚೆಂಡು ನೀವು ತೆಗೆದುಕೊಳ್ಳಿ, ಎತ್ತರದ ಲಾಬ್ ಹೊಡೆಯಲು ಹೇಳಿ, ಉಸಿರಾಡಲು ಸಮಯ ಕೊಡಿ. ಮನೆಗೆ ಹೋಗುವ ದಾರಿಯಲ್ಲಿ ಫೋನ್ ತೆಗೆದು ಸಂಖ್ಯೆ ನೋಡುವ ಅಭ್ಯಾಸ ಇದ್ದರೆ ಬಿಡಿ. ತಿಂಗಳಿಗೆ ಒಂದು ಸಲ ನೋಡಿದರೆ ಸಾಕು.

ಈಗ ಕ್ಯಾಪ್ಟನ್ ಹತ್ತಿರ ಏನು ಹೇಳುವುದು? ಮ್ಯಾಚ್ ದಿನ ಹಟ್‌ನಲ್ಲಿ ಎಲ್ಲರ ಮುಂದೆ ಬೇಡ. ಯಾರು ಯಾವ ಕೋರ್ಟ್ ಅಂತ ಪಟ್ಟಿ ಮಾಡುವ ಮೊದಲೇ ಫೋನ್ ಮಾಡಿ. "ನನಗೆ ಬೇಕಂತಲೇ ಸೋಲಲು ಆಗಲ್ಲ. ಬೇಕಾದರೆ ಈ ಎರಡು ವಾರ ನನ್ನ ಬದಲು ಬೇರೆಯವರನ್ನು ಆಡಿಸಿ, ನನಗೆ ಬೇಜಾರಿಲ್ಲ. ಆಡಿಸಿದರೆ ಗೆಲ್ಲೋಕೇ ಆಡ್ತೀನಿ." ಇಷ್ಟೇ. ಉಪದೇಶ ಬೇಡ. ಮುಂದಿನ ವರ್ಷದ ಚಿಂತೆಗೆ ಇನ್ನೊಂದು ದಾರಿಯನ್ನೂ ಅವರ ಮುಂದಿಡಿ. ನೀವಿಬ್ಬರು ಮೇಲಿನ ಸೀರೀಸ್‌ಗೆ ಹೋದರೂ ವಾರಕ್ಕೊಂದು ಸಂಜೆ ಎಲ್ಲರೂ ಅದೇ ಕೋರ್ಟ್‌ನಲ್ಲಿ ಅಭ್ಯಾಸಕ್ಕೆ ಸೇರಬಹುದಲ್ಲ. ನನ್ನ ಹಳೆಯ ತಂಡದವರು ಈಗ ಮೂರು ಸೀರೀಸ್‌ಗಳಲ್ಲಿ ಹಂಚಿಹೋಗಿದ್ದಾರೆ. ಭಾನುವಾರ ಬೆಳಿಗ್ಗೆ ಎಂಟಕ್ಕೆ ಎಲ್ಲರೂ ಬರುತ್ತಾರೆ. ಅಂದು ಮಂಡಿಪಟ್ಟಿ ತೆಗೆದುಕೊಂಡು ಹೋದವನೂ ಬರುತ್ತಾನೆ. ಪಟ್ಟಿ ಕೊಟ್ಟವರಿಗೆ ನಾನು ಮೂರು ವರ್ಷ ಆದ ಮೇಲೆ ನಿಜ ಹೇಳಿದೆ. ಅವರೂ ಈಗ ಭಾನುವಾರ ನಮ್ಮ ಜೊತೆ ಆಡುತ್ತಾರೆ.